ಕೆಂಪು ಚುಕ್ಕೆಯ ಬೋಗುಣಿ

"ಇನ್ನು ಮುಂದೆ ಈ ಮನೆಯ ಊಟದ ಮೇಜಿನ ಮೇಲೆ ನೂರು ವರ್ಷಕ್ಕಿಂತ ಕಡಿಮೆ ವಯಸ್ಸಿನ ಒಂದೇ ಒಂದು ಪಾತ್ರೆಯೂ ಕಾಣಿಸಕೂಡದು!"

ಹೀಗೆಂದು ನಾನು ಘೋಷಿಸಿದ್ದು ಅಡುಗೆಮನೆಯ ಬಾಗಿಲಲ್ಲಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು. ಒಳಗೆ ತರಕಾರಿ ಹೆಚ್ಚುತ್ತಿದ್ದ ನನ್ನಾಕೆ ತಲೆಯನ್ನೂ ಎತ್ತಲಿಲ್ಲ.

"ಪಾತ್ರೆಗೆ ಮಾತ್ರಾನಾ, ಬಡಿಸೋರಿಗೂ ನೂರು ತುಂಬಿರ್ಬೇಕಾ?"

ಇಂಥ ಕೊಂಕು ಮಾತಿಗೆಲ್ಲ ಬಗ್ಗುವ ಆಸಾಮಿ ನಾನಲ್ಲ. ವಿಮಾ ಕಚೇರಿಯಲ್ಲಿ ಹಗಲೆಲ್ಲ ಕೂತು ನಜ್ಜುಗುಜ್ಜಾದ ಕಾರು, ಸುಟ್ಟುಹೋದ ಗೋದಾಮುಗಳ ಕ್ಲೇಮು ಪರಿಶೀಲಿಸುವವನಿಗೆ, ಒಡೆಯದೆ ಉಳಿದ ವಸ್ತುವಿನ ಮಹಿಮೆ ಗೊತ್ತು. ಹಳೆಯ ಪಿಂಗಾಣಿ ಕಂಡರೆ ನನಗೆ ಪ್ರಾಣ. ಕೊಕ್ಕಿನ ಜಗ್ಗು, ಎಲೆಯಾಕಾರದ ತಟ್ಟೆ, ಕಿವಿಯಿದ್ದ ಬಟ್ಟಲು, ಎಲ್ಲವೂ ನಮ್ಮ ನಡುಮನೆಯ ಗಾಜಿನ ಬೀರುವಿನಲ್ಲಿ ಠೀವಿಯಿಂದ ಕೂತಿದ್ದವು. ಕಚೇರಿಯಲ್ಲಿ ನನ್ನನ್ನು 'ಪಿಂಗಾಣಿ ಪಂಡಿತ' ಎನ್ನುತ್ತಿದ್ದರು. ಅದು ಗೇಲಿ ಎಂದು ಹೆಂಡತಿ, ಬಿರುದು ಎಂದು ನಾನು!

ಬೀರುವಿನಲ್ಲಿಟ್ಟು ನೋಡಿದ್ದು ಸಾಕು, ಇನ್ನು ಅವುಗಳಲ್ಲೇ ಬಡಿಸಿ ಉಣ್ಣಬೇಕು ಎಂಬುದು ನನ್ನ ಹೊಸ ಸಂಕಲ್ಪ. ಆದರೆ ನಡುವೆ ಇಡಲು ಒಂದು ದೊಡ್ಡ ತಟ್ಟೆ ಬೇಕಿತ್ತಲ್ಲ? ಹಳೇ ಸಾಮಾನಿನ ಅಂಗಡಿಯಲ್ಲಿ ಮೀನಿನಾಕಾರದ್ದೊಂದು ಬಾಲವೆತ್ತಿಕೊಂಡು ನನ್ನನ್ನೇ ದಿಟ್ಟಿಸುತ್ತಿತ್ತು. ಅಂಗಡಿಯವನ ಪದ್ಧತಿ ಸರಳ: ಹಳೆಯದೊಂದು ಕೊಟ್ಟು ಹಳೆಯದೊಂದು ಒಯ್ಯಬೇಕು. ನನ್ನ ರತ್ನಗಳನ್ನು ಕೊಡಲು ಮನಸ್ಸಾಗಲಿಲ್ಲ. ಅಟ್ಟ ಹುಡುಕಿದೆ. ಮೂಲೆಯಲ್ಲಿ ಒಂದು ಬೋಗುಣಿ ಸಿಕ್ಕಿತು. ಮುಚ್ಚಳವಿಲ್ಲ, ಮೈಯೆಲ್ಲ ಜಿಡ್ಡು, ಒಲೆಯ ಮಸಿ ಕುಡಿದು ಕುಡಿದು ಬಣ್ಣ ಯಾವುದೆಂದೇ ತಿಳಿಯದ ದರಿದ್ರ ಬೋಗುಣಿ. ನನ್ನ ಅತ್ತೆಯವರದು. ಅವರು ತೀರಿಕೊಂಡ ಮೇಲೆ ನನ್ನಾಕೆ ತಂದು ಅಟ್ಟದಲ್ಲಿಟ್ಟಿದ್ದಳು. ಅವಳನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಸುಳ್ಳೇಕೆ, ಹೊಳೆಯಿತು. ಅದಕ್ಕೇ ಅವಳು ಮಾರ್ಕೆಟ್ಟಿಗೆ ಹೋದಾಗ ಒಯ್ದೆ.

ಮೀನು ಮನೆಗೆ ಬಂತು. ಅದರ ಬೆನ್ನಿಗೇ ಫೋನೂ ಬಂತು. ನನ್ನಾಕೆಯ ಅಣ್ಣನದು. ಭಾವ ಹಡಗಿನಲ್ಲಿ ಇಂಜಿನಿಯರು. ಅತ್ತೆ ಹೋದಾಗ ನಡುಗಡಲಿನಲ್ಲಿದ್ದರು, ಮುಖ ನೋಡಲೂ ಆಗಲಿಲ್ಲ. ಅದಾದ ಮೇಲೆ ಇದೇ ಮೊದಲ ಸಲ ತಂಗಿಯ ಮನೆಗೆ ಬರುವವರಿದ್ದರು.

ಫೋನಿಟ್ಟ ನನ್ನಾಕೆಯ ಮುಖ ಅರಳಿತ್ತು. "ರೀ, ಅಣ್ಣ ಭಾನುವಾರ ಬರ್ತಾನಂತೆ! ಊಟಕ್ಕೆ ಏನು ಮಾಡ್ಲಿ ಅಂದ್ರೆ, ಏನಾದ್ರೂ ಮಾಡು, ಅಮ್ಮನ ಬೋಗುಣೀಲಿ ಬಡಿಸು ಅಂದ. ಅವನು ಎಷ್ಟು ಹೊತ್ತಿಗೆ ಬಂದ್ರೂ ಅವನ ಪಾಲು ಅಮ್ಮ ಅದ್ರಲ್ಲೇ ಒಲೆ ಪಕ್ಕ ಬೆಚ್ಚಗಿಟ್ಟಿರ್ತಿದ್ಲು. ಅಟ್ಟದಿಂದ ಇಳಿಸಿಕೊಡಿ, ತಿಕ್ಕಿಡ್ತೀನಿ."

ನಾನು ಅಟ್ಟದ ಕಡೆ ನೋಡಿದೆ.

ಆಗಲೇ ಬಾಯಿಬಿಟ್ಟಿದ್ದರೆ ಎರಡು ದಿನ ಬೈಗುಳ ತಿಂದು ಮುಗಿಯುತ್ತಿತ್ತು. ಆದರೆ ಸುಳ್ಳು ಕ್ಲೇಮು ಹಿಡಿಯುವುದೇ ನನ್ನ ವೃತ್ತಿ. ಸುಳ್ಳು ಹೇಳುವವರು ಎಲ್ಲಿ ಎಡವುತ್ತಾರೆಂದು ನನ್ನಷ್ಟು ಬಲ್ಲವರುಂಟೇ? ಕಾರಣ ಹೇಳುವುದಿಲ್ಲ, ಸಾಕ್ಷಿ ಕೊಡುವುದಿಲ್ಲ. ನಾನು ಎರಡನ್ನೂ ಕೊಟ್ಟೆ!

"ಅಯ್ಯೋ, ಹೇಗೆ ಹೇಳ್ಲಿ? ಮೊನ್ನೆ ನಮ್ಮ ಬೆಕ್ಕು ಹಲ್ಲಿ ಅಟ್ಟಿಸ್ಕೊಂಡು ಅಟ್ಟ ಹತ್ತಿತ್ತು. ಬೋಗುಣಿ ಬಿದ್ದು ಚೂರುಚೂರಾಯ್ತು. ನಿಂಗೆ ಬೇಜಾರಾಗುತ್ತೆ ಅಂತ ನಾನೇ ಗುಡಿಸಿ ಬೀದಿ ಕಸದ ತೊಟ್ಟಿಗೆ ಹಾಕ್ದೆ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಕಿಟಕಿಯಿಂದ ನೋಡಿದರೆ, ಬೀದಿಯ ಕಸದ ತೊಟ್ಟಿಯ ಮುಂದೆ ನಿಂತು ಕೋಲಿನಲ್ಲಿ ಕೆದಕುತ್ತಿದ್ದಾಳೆ! ದಾರಿಹೋಕರು ತಿರುಗಿ ತಿರುಗಿ ನೋಡುತ್ತಿದ್ದರು. ವಾಪಸು ಬಂದಾಗ ಅವಳ ಅಂಗೈಯಲ್ಲಿ ಕೊಳೆ ಮೆತ್ತಿದ ಪಿಂಗಾಣಿಯ ಚೂರೊಂದಿತ್ತು.

"ಇದೊಂದೇ ಸಿಕ್ಕಿದ್ದು. ಇದೇ ಅಲ್ವಾ?"

ಯಾರ ಮನೆಯ ಟೀ ಕಪ್ಪಿನದೋ. "ಇದೇ, ಇದೇ" ಎಂದೆ. ಅವಳು ಅದನ್ನು ತೊಳೆದು, ಕರ್ಚೀಫಿನಲ್ಲಿ ಸುತ್ತಿ, ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಳು. ನಾನು ಆ ಮೀನಿನ ತಟ್ಟೆಯನ್ನು ನೋಡಿದೆ. ಅದು ನನ್ನನ್ನು ನೋಡಿತು. ಛೀ, ಎಂಥ ಮನುಷ್ಯ ನಾನು! ಬೆಕ್ಕಿಗಂತೂ ಅಂದಿನಿಂದ ಹಾಲು ಬಂದ್. ಅದು ನನ್ನ ಕಾಲ ಬಳಿ ಬಂದು "ಮ್ಯಾಂವ್" ಎಂದರೆ ನಾನು ಪೇಪರು ಅಡ್ಡ ಹಿಡಿಯುತ್ತಿದ್ದೆ.

ಮರುದಿನವೇ ಅಂಗಡಿಗೆ ಓಡಿದೆ. "ನಾನು ಕೊಟ್ಟ ಆ ಕರೀ ಬೋಗುಣಿ ವಾಪಸ್ ಬೇಕಿತ್ತು."

ಅಂಗಡಿಯವನು ಲೊಚಗುಟ್ಟಿದ. "ಕರೀ ಬೋಗುಣಿ ಈಗೆಲ್ಲಿದೆ ಸಾರ್? ಅದರ ಕಥೆ ಮುಗೀತು. ಅದನ್ನ ಮರೆತುಬಿಡಿ, ಇಲ್ನೋಡಿ!" ಎಂದು ಬಟ್ಟೆ ಸರಿಸಿದ.

ಆಹಾ! ಹಾಲುಬಿಳುಪಿನ ಬೋಗುಣಿ. ಅಂಚಿನಲ್ಲಿ ನೀಲಿ ಬಳ್ಳಿ, ಮೇಲೆ ಹಿಡಿಯಲು ಗುಬುಟಿದ್ದ ಮುಚ್ಚಳ. ಉಗುರಿನಿಂದ ತಟ್ಟಿದೆ, ಟಿಂಗೆಂದಿತು. ಬಲ್ಲವರು ಪಾತ್ರೆಯ ಮುಖ ನೋಡುವುದಿಲ್ಲ, ತಳ ನೋಡುತ್ತಾರೆ. ಮಗುಚಿದೆ. ತಳದ ಗುಳಿಯಲ್ಲಿ ಪುಟ್ಟದೊಂದು ಕೆಂಪು ಚುಕ್ಕೆ! "ರಾಜಮನೆತನದ ಗುರುತು!" ಎಂದು ಉದ್ಗರಿಸಿದೆ.

ಅಂಗಡಿಯವನು ಕ್ಷಣಕಾಲ ನನ್ನ ಮುಖವನ್ನೇ ನೋಡಿದ. ಆಮೇಲೆ ಕೈಮುಗಿದ. "ನೀವೇ ಹೇಳಿದ್ಮೇಲೆ ಮುಗೀತು ಸಾರ್."

ಇಂಥದ್ದನ್ನು ಭಾವನ ಮುಂದಿಟ್ಟರೆ ಅತ್ತೆಯ ಮಸಿ ಬೋಗುಣಿ ಯಾರಿಗೆ ನೆನಪಾದೀತು? ಮೀನು ಕೊಟ್ಟೆ. ಸಾಲದೆಂದ. ಜಗ್ಗು, ಎಲೆತಟ್ಟೆ, ಕಿವಿ ಬಟ್ಟಲು ಎಲ್ಲ ತಂದು ಸುರಿದೆ. ಗಾಜಿನ ಬೀರುವಿನಲ್ಲಿ ಒಂದು ಪುಟ್ಟ ಸಾಸರು ಮಾತ್ರ ಉಳಿಯಿತು.

ಭಾನುವಾರ ಭಾವ ಬಂದರು. ಅಣ್ಣ ತಂಗಿ ಬಾಗಿಲಲ್ಲೇ ಅತ್ತರು. ಬೋಗುಣಿಯನ್ನು ನನ್ನಾಕೆ ಮುಟ್ಟಲು ನಾನು ಬಿಟ್ಟಿರಲಿಲ್ಲ. ನಾನೇ ತೊಳೆದು, ನಾನೇ ಸೂಪು ತುಂಬಿ, ಮದುಮಗಳನ್ನು ಕರೆತರುವಂತೆ ಮೇಜಿಗೆ ತಂದೆ. ಅಷ್ಟರಲ್ಲಿ ನನ್ನಾಕೆ ಕರ್ಚೀಫು ಬಿಚ್ಚಿದಳು.

"ಅಣ್ಣಾ, ಕ್ಷಮಿಸು ಕಣೋ. ಅಮ್ಮಂದು ಇಷ್ಟೇ ಉಳಿದಿರೋದು."

ಭಾವ ಚೂರನ್ನು ಕೈಗೆತ್ತಿಕೊಂಡು ಕಣ್ಣಿಗೊತ್ತಿಕೊಂಡರು. ನನಗೆ ಅದು ತಡೆಯಲಾಗಲಿಲ್ಲ. ತಡೆಯಲಾಗದಿದ್ದರೆ ನಾನು ಭಾಷಣ ಮಾಡುತ್ತೇನೆ, ಅದು ನನ್ನ ರೋಗ.

"ಹೋದದ್ದು ಹೋಯ್ತು ಬಿಡಿ ಭಾವ! ಈ ಬೋಗುಣಿ ನೋಡಿ. ಅರಮನೆಯ ಅಡುಗೆಮನೆಯಿಂದ ಬಂದದ್ದು. ಪ್ರತಿಯೊಂದು ಪಾತ್ರೆಯ ತಳಕ್ಕೂ ರಾಣಿಯವರು ಖುದ್ದಾಗಿ ಒಂದು ಕೆಂಪು ಚುಕ್ಕೆ ಇಡಿಸುತ್ತಿದ್ದರಂತೆ!"

ರಾಣಿಯ ಸಂಗತಿ ಅದೇ ಕ್ಷಣದಲ್ಲಿ ನನ್ನ ಬಾಯಲ್ಲಿ ಹುಟ್ಟಿದ್ದು. ಅಣ್ಣ ತಂಗಿ ಇಬ್ಬರೂ ತಟ್ಟನೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೆಂಪು ಚುಕ್ಕೆನಾ?" ಎಂದಳು ನನ್ನಾಕೆ.

ಭಾವ ಸೂಪನ್ನು ಎಲ್ಲರ ಬಟ್ಟಲಿಗೆ ಬಡಿಸಿ, ಖಾಲಿ ಬೋಗುಣಿಯನ್ನು ಮಗುಚಿ, ತಳವನ್ನು ಹೆಬ್ಬೆರಳಿನಿಂದ ಸವರಿದರು.

"ಪುಟ್ಟೀ, ನಿನ್ನ ನೈಲ್ ಪಾಲಿಶ್ ಕಣೇ!"

ಆದದ್ದಿಷ್ಟು. ಅತ್ತೆಯವರು ಅಕ್ಕಪಕ್ಕದ ಮನೆಯವರಿಗೆ ಪಾತ್ರೆ ಎರವಲು ಕೊಡುತ್ತಿದ್ದರು. ಅದಲುಬದಲಾಗದಿರಲೆಂದು ಸ್ಕೂಲಿಗೆ ಹೋಗುತ್ತಿದ್ದ ಮಗಳ ಕೈಲಿ ಎಲ್ಲದರ ತಳಕ್ಕೂ ನೈಲ್ ಪಾಲಿಶಿನ ಚುಕ್ಕೆ ಇಡಿಸಿದ್ದರು. ಅಂಗಡಿಯವನು ಬೋಗುಣಿಗೆ ಚೆನ್ನಾಗಿ ಅಭ್ಯಂಜನ ಮಾಡಿಸಿ, ಇನ್ಯಾವುದರದೋ ಮುಚ್ಚಳ ಮುಚ್ಚಿ, ನನ್ನದನ್ನೇ ನನಗೆ ದಾಟಿಸಿದ್ದ. ಮಸಿ ತೊಳೆದ ಮೇಲೆ ಹುಟ್ಟಿನಿಂದ ನೋಡಿದವರಿಗೇ ಗುರುತು ಸಿಗಲಿಲ್ಲ, ಪಂಡಿತರಿಗೆ ಎಲ್ಲಿಂದ ಸಿಗಬೇಕು!

ನನ್ನಾಕೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಬೆಕ್ಕು ಒಡೀತು ಅಂದ್ರಲ್ಲ?"

ನಾನು ಬೆಕ್ಕಿನ ಕಡೆ ನೋಡಿದೆ. ಅದು ಹೊಸ್ತಿಲ ಮೇಲೆ ಕೂತು, ಸಾಕ್ಷಿ ಹೇಳಲು ಬಂದ ಹಾಗೆ ನನ್ನನ್ನೇ ನೋಡುತ್ತಿತ್ತು. ಬಾಯಿಬಿಟ್ಟೆ. ಅಟ್ಟ, ಮೀನು, ಹಲ್ಲಿ, ಕಿಟಕಿ, ಎಲ್ಲವನ್ನೂ ಒಪ್ಪಿಸಿದೆ. ಇಷ್ಟು ವರ್ಷ ಮೇಜಿನ ಆಚೆ ಕಡೆ ಕೂತು ಸುಳ್ಳುಗಾರರ ಬೆವರು ನೋಡಿದವನಿಗೆ ಅದರ ಉಪ್ಪು ಅವತ್ತು ಗೊತ್ತಾಯಿತು.

"ಬೋಗುಣಿ ಹೋಗ್ಲಿ ರೀ," ಎಂದಳು ಅವಳು. "ನಾನು ಕಸದ ತೊಟ್ಟಿ ಕೆದಕೋದನ್ನ ಕಿಟಕೀಲಿ ನಿಂತು ನೋಡಿದ್ರಲ್ಲ, ಆಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?"

ನಾನು ತಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ.

ಭಾವನಿಗೆ ಬೋಗುಣಿಯಲ್ಲೇ ಅನ್ನ ಕಲಸಿಕೊಟ್ಟಳು. ಅವರು ಅದನ್ನು ಬಳಿದು ಬಳಿದು ಉಂಡರು. ಉಳಿದಿದ್ದ ಒಂದೇ ಪುರಾತನ ಸಾಸರಿನಲ್ಲಿ ಬೆಕ್ಕಿಗೆ ಹಾಲು ಬಿತ್ತು. ನೂರು ವರ್ಷದ ಪಾತ್ರೆಯಲ್ಲಿ ಊಟ ಮಾಡುವ ಯೋಗ ಕೊನೆಗೆ ಅದಕ್ಕೆ! ನನಗೆ ಪ್ಲಾಸ್ಟಿಕ್ ತಟ್ಟೆ. ತಟ್ಟೆಯ ಅಂಚಿನಲ್ಲಿ ಟೀ ಕಪ್ಪಿನ ಚೂರು.

"ಯಾರ ಮನೇದೋ ಪಾಪ. ನಾಳೆ ಹುಡುಕಿ ಕೊಟ್ಟು ಬನ್ನಿ."

ತಲೆ ತಗ್ಗಿಸಿ ಉಂಡು, ಸೋಫಾದ ಮೇಲೆ ಮುಖ ಮುಚ್ಚಿಕೊಂಡು ಮಲಗಿದೆ. ಯಾವಾಗ ನಿದ್ದೆ ಹತ್ತಿತೋ. ಅಂಗಾಲಿಗೆ ತಣ್ಣಗೆ ಏನೋ ತಾಗಿ ಎಚ್ಚರವಾಯಿತು. ನೋಡಿದರೆ ನನ್ನಾಕೆ ಕಾಲ ಬುಡದಲ್ಲಿ ಕೂತು, ಪುಟ್ಟ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಳೆ. ಹಿಂದೆ ನಿಂತ ಭಾವ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ್ದಾರೆ. ನನ್ನ ಅಂಗಾಲಿನಲ್ಲಿ ಕೆಂಪು ಚುಕ್ಕೆ!

"ಏನೇ ಇದು?"

"ಅಲುಗಾಡ್ಬೇಡಿ, ಒಣಗ್ಲಿ," ಎಂದಳು. "ಮನೇಲಿ ಉಳಿದಿರೋ ಹಳೇ ಸಾಮಾನು ನೀವೊಬ್ರೇ. ನಾನೂ ಯಾವತ್ತಾದ್ರೂ ನಿಮ್ಮನ್ನ ಆ ಅಂಗಡಿಗೆ ಕೊಟ್ಟುಬಂದ್ರೆ, ತೊಳೆದು ಬೆಳ್ಳಗೆ ಮಾಡಿ ನಂಗೇ ದಾಟಿಸಿಬಿಟ್ಟಾನು!"