ಸೂಜಿಮೀನಿಗೆ ಜೇಡರ ಬಲೆ

ರೋಡಾಳ ಪೊರಕೆಗೆ ಶತ್ರು ಮಿತ್ರ ಎಂಬ ಭೇದವಿಲ್ಲ. ಮಧ್ಯಾಹ್ನ ಅವಳಪ್ಪ ಇರೋಬಾವೊ ಊಟಕ್ಕೆ ಬರುವವನಿದ್ದ. ಊರ ಚರ್ಚನ್ನು ತಾನೇ ಗುಡಿಸಿ ಕನ್ನಡಿಯಂತೆ ಇಟ್ಟಿದ್ದೇನೆಂದು ಭಾನುವಾರಕ್ಕೊಮ್ಮೆ ಎದೆಯುಬ್ಬಿಸುವ ಹಿರಿಯ. ಧೂಳು ಕಂಡರೆ ಮಗಳನ್ನೂ ಬಿಡುವವನಲ್ಲ. ಹಾಗಾಗಿ ಸೂರು ಗುಡಿಸಿದ ರೋಡಾ, ಗಂಡ ಓಫಾಸಿಯಾ ಕೂಡಿಟ್ಟಿದ್ದ ಜೇಡರ ಬಲೆಯ ಉಂಡೆಯನ್ನೂ ಸಮುದ್ರಕ್ಕೆ ಎಸೆದಳು.

"ಅಯ್ಯೋ! ಇನ್ನು ಮೀನು ಹೇಗೆ ಹಿಡೀಲೇ?"

"ಎಲ್ಲರ ಹಾಗೆ ಬಲೆ ಬೀಸಿ ಹಿಡೀರಿ."

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ! ನಮ್ಮಜ್ಜನ ಗಾಳಿಪಟದಲ್ಲಿ ಸೂಜಿಮೀನು ಹಿಡಿದು ಬಡಿಸ್ತೀನಿ ಅಂತ ನಿಮ್ಮಪ್ಪಂಗೆ ಮಾತು ಕೊಟ್ಟಿದೀನಿ. ಮದುವೆ ಆದಾಗಿಂದ ನನ್ನ ಹೆಸರು ಹಿಡಿದು ಕರೆದಿದಾರಾ? ಬರೀ 'ಕೈಲಾಗದೋನೇ'!"

ಮಲೈತಾ ದ್ವೀಪದ ದಡದಾಚೆ, ನೀರಿನ ನಡುವೆ ಹವಳದ ಕಲ್ಲು ಪೇರಿಸಿ ಕಟ್ಟಿದ ಊರು ಅದು. ಹೊಸ ಬಲೆಗಾಗಿ ದಡದ ಕಾಡಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಓಫಾಸಿಯಾ ಪಕ್ಕದ ಮನೆಗೆ ಓಡಿದ.

"ಕೆಫೂ ಅಕ್ಕಾ, ನಿಮ್ಮನೇಲಿ ಜೇಡರ ಬಲೆ ಇದ್ರೆ ಸ್ವಲ್ಪ ಕೊಡ್ತೀರಾ?"

"ಏನಂದೆ? ನನ್ನ ಮನೇಲಾ? ನಮ್ಮನೆ ಜೇಡ ಎಂಟೂ ಕಾಲು ಒರೆಸ್ಕೊಂಡು ಒಳಗೆ ಬರುತ್ತೆ ಕಣೋ!"

ಅವಳ ದನಿ ಅವನಿಗಿಂತ ಮುಂಚೆ ಊರು ಸುತ್ತಿತು. ಹೆಂಗಸರೆಲ್ಲ ಪೊರಕೆ ಹಿಡಿದು ಸೂರುಗಳಿಗೆ ಮುತ್ತಿಗೆ ಹಾಕಿದರು. ಊರು ಬೋಳುತಲೆಯಂತೆ ಮಿನುಗಿತು.

ಪೊರಕೆ ಮುಟ್ಟದ ಒಂದೇ ಜಾಗ ಉಳಿದಿತ್ತು. ಅಲ್ಲಿಂದ ಕೈತುಂಬ ಬಲೆ ಸುತ್ತಿಕೊಂಡು ಓಫಾಸಿಯಾ ದೋಣಿ ಏರಿದ.

ತಾಳೆಗರಿಯ ಗಾಳಿಪಟ ಮೇಲೇರಿತು. ಅದರಿಂದ ಇಳಿಬಿದ್ದ ಬಲೆಯುಂಡೆ, ದೋಣಿಯಿಂದ ಬಲುದೂರ, ಹವಳದ ದಿಬ್ಬದಂಚಿನ ನೀರ ಮೇಲೆ ಮರಿಮೀನಿನಂತೆ ಕುಣಿಯಿತು. ದೋಣಿಯ ನೆರಳು ಕಂಡರೇ ಪರಾರಿಯಾಗುವ ಸೂಜಿಮೀನು ಈಟಿಯಂತೆ ಬಂದು ಕಚ್ಚಿತು. ಉದ್ದ ಕೊಕ್ಕಿನ ಹಲ್ಲೆಲ್ಲ ಬಲೆಯ ನೂಲಿಗೆ ಸಿಕ್ಕಿಕೊಂಡವು.

"ಗಾಳ ಯಾಕೆ ಬೇಕು? ಅದರ ಬಾಯೇ ಅದಕ್ಕೆ ಗಾಳ!" ಎಂದು ಅಜ್ಜನ ಮಾತನ್ನು ಸಮುದ್ರಕ್ಕೆಲ್ಲ ಕೇಳುವಂತೆ ಕೂಗಿದ.

ಸೂಜಿಮೀನಿನ ಮುಳ್ಳು ಹುಟ್ಟಾ ಹಸಿರು; ಊಟದಲ್ಲಿ ಮಾವ ಅದನ್ನು ಒಂದೊಂದೇ ಚೀಪಿ ಚೀಪಿ ಇಟ್ಟ.

"ಅಳಿಯಂದಿರೇ, ನೀವು ಗಂಡಸು ಕಣ್ರೀ! ನಾಳೆ ನನ್ನ ದೋಣೀಲಿ ನೀವೇ ಮುಂದೆ ಕೂತ್ಕೋಬೇಕು."

ಓಫಾಸಿಯಾನ ಎದೆಯೇ ಗಾಳಿಪಟವಾಯಿತು. ಅಷ್ಟರಲ್ಲಿ ಬಾಗಿಲಿಗೆ ಪೊರಕೆ ಪಡೆಯೊಂದಿಗೆ ಕೆಫೂ ಬಂದಳು.

"ಬಲೆ ಯಾರ ಮನೇದು? ಈಗ್ಲೇ ಹೇಳು! ಊರೆಲ್ಲ ನನ್ನ ಮನೇನೇ ನೋಡ್ತಿದೆ!"

"ನಿಮ್ಮ್ಯಾರ ಮನೇದೂ ಅಲ್ಲ ಅಕ್ಕಾ! ಎಂಥಾ ಬಲೆ ಅಂತೀರಿ, ಹಗ್ಗ ಹಗ್ಗ! ವರ್ಷಗಟ್ಟಲೆ ಒಂದು ಕೈ ಸೋಕಿಲ್ಲ. ನಮ್ಮ ಚರ್ಚಿಂದು, ತೂಗುಹಾಕಿರೋ ದೊಡ್ಡ ಗಂಟೆ ಹಿಂದೆ ಕಟ್ಟಿತ್ತು!"

ಹೆಂಗಸರೆಲ್ಲ ಒಟ್ಟಿಗೆ ಮಾವನತ್ತ ತಿರುಗಿದರು. ಮಾವ ಕೈಲಿದ್ದ ತುಂಡನ್ನು ಎಲೆಗೆ ಹಾಕಿದ. ಉಳಿದಿದ್ದ ಮೀನಿನ ತಲೆ ಕೊಕ್ಕು ತೆರೆದು ಓಫಾಸಿಯಾನನ್ನೇ ನೋಡುತ್ತಿತ್ತು.

ಮರುದಿನ ಗಾಳಿಪಟಕ್ಕೆ ಹೇಳಿಮಾಡಿಸಿದ ಗಾಳಿ. ಓಫಾಸಿಯಾ ಚರ್ಚಿನಲ್ಲಿ, ಏಣಿಯ ಮೇಲೆ, ಪೊರಕೆ ಹಿಡಿದು ನಿಂತಿದ್ದ.

"ಆ ಮೂಲೇಲಿ ಇನ್ನೂ ಇದೆ ನೋಡು," ಎಂದು ಕೆಳಗಿನಿಂದ ಮಾವ ಬೆರಳು ತೋರಿಸಿದ, "ಕೈಲಾಗದೋನೇ!"