ಕೈಮುಗಿದ ತಪ್ಪಿಗೆ

ಇಸ್ತ್ರಿಯವನು ಅವತ್ತು ಮಾಡಿದ ತಪ್ಪು ಒಂದೇ. ಕೈ ಮುಗಿದ.

ಬೆಳಗ್ಗೆ ಪ್ರಾರ್ಥನಾ ಮಂದಿರದಿಂದ ಬಿಳಿ ನಿಲುವಂಗಿಯೊಂದು ಅವನ ಮೇಜಿಗೆ ಬಂದಿತ್ತು. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಗರಿಗರಿಯಾಗಿ ವಾಪಸು ಹೋಗಬೇಕು. ಮಂದಿರದ ಬಟ್ಟೆಗೆ ಇಸ್ತ್ರಿ ಹಾಕುವುದು ಅವನಿಗೆ ಅಪ್ಪನಿಂದ ಬಂದ ಕೆಲಸ. ಆ ಮನೆತನದ ಮಾನಮರ್ಯಾದೆಯೆಲ್ಲ ಅದರಲ್ಲೇ ಇತ್ತು. ಉಸಿರು ಬಿಗಿಹಿಡಿದು ಅಂಚನ್ನು ತಿದ್ದುತ್ತಿದ್ದಾಗಲೇ ಮಂದಿರದ ಗುರುಗಳು ಬೀದಿಯಲ್ಲಿ ನಡೆದು ಬಂದರು.

ಗುರುಗಳೆಂದರೆ ಗಿಡ್ಡ ಆಳು, ಮೆತ್ತನೆಯ ದನಿ. ಆದರೂ ಅವರು ಬಂದರೆ ಬೀದಿಯ ಜಗಳಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಅವರನ್ನು ಕಂಡಾಗಲೆಲ್ಲ ಇಸ್ತ್ರಿಯವನಿಗೆ ಮೈ ಜುಮ್ಮೆನ್ನುತ್ತಿತ್ತು. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಅವರು ತಿರುವು ದಾಟುವವರೆಗೂ ನಿಂತ. ಕಣ್ಣು ತೆರೆಸಿದ್ದು ಸುಟ್ಟ ವಾಸನೆ.

"ಅಯ್ಯಯ್ಯೋ, ಗುರುಗಳ ಅಂಗಿ ಸುಟ್ಟುಬಿಟ್ಯಲ್ಲೋ!" ಪಕ್ಕದ ಕಿರಾಣಿ ಅಂಗಡಿಯ ಅಕ್ಕ ಇಡೀ ಬೀದಿಗೆ ಕೇಳುವಂತೆ ಗುಟ್ಟು ಹೇಳಿದಳು.

ಎದುರು ಕಟಿಂಗ್ ಶಾಪಿನವನು ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಓಡಿ ಬಂದ. "ಟೂತ್‌ಪೇಸ್ಟ್ ಹಚ್ಚಣ್ಣ. ಹಲ್ಲೇ ಬೆಳ್ಳಗಾಗತ್ತೆ, ಬಟ್ಟೆ ಆಗಲ್ವಾ?"

ಹಚ್ಚಿದ. ಅಕ್ಕ ನಿಂಬೆರಸ ಹಿಂಡಿದಳು. ಕಲೆ ಅಂಗೈಯಗಲ ಹರಡಿಕೊಂಡು ಪುದೀನದ ಪರಿಮಳ ಬೀರತೊಡಗಿತು. ಗುರುಗಳು ಬೈಯುವವರಲ್ಲ, ಸುಮ್ಮನೆ ನೋಡುತ್ತಾರೆ. ಆ ನೋಟ ನೆನೆದು ಇಸ್ತ್ರಿಯವನು ಇನ್ನಷ್ಟು ಜೋರಾಗಿ ಉಜ್ಜಿದ.

ಅಷ್ಟರಲ್ಲಿ ಸುದ್ದಿ ತಿಳಿದು ದರ್ಜಿ ಬಂದ. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಕಲೆ ನೋಡಿದವನೇ ಕತ್ತರಿ ತೆಗೆದ.

ಇಸ್ತ್ರಿಯವನು ಅವನ ಕೈ ಹಿಡಿದುಕೊಂಡ. "ಬೇಡ ಕಣೋ! ಹೋದ ವಾರ ಗುರುಗಳು ಧರ್ಮಗ್ರಂಥದ ಕತೆ ಹೇಳಲಿಲ್ವಾ? ತನ್ನನ್ನ ಕೊಲ್ಲೋಕೆ ಬಂದ ರಾಜ ಗುಹೇಲಿ ಕೈಗೆ ಸಿಕ್ಕಿದ್ರೂ ಒಬ್ಬ ಹುಡುಗ ಅವನನ್ನ ಕೊಲ್ಲಲಿಲ್ಲ, ಬರೀ ಅಂಗಿಯ ಅಂಚು ಕತ್ತರಿಸಿದ್ದಕ್ಕೇ ನಡುಗಿಹೋದ. ದೇವರು ನೇಮಿಸಿದವರ ಬಟ್ಟೆ ಅದು! ನಾವು ಗುರುಗಳದ್ದನ್ನೇ ಕತ್ತರಿಸೋದಾ?"

"ಅದೇ ಕತೇಲಿ, ಮೈಮೇಲಿನ ಅಂಗಿ ಬಿಚ್ಚಿ ಗೆಳೆಯನಿಗೆ ಕೊಟ್ಟವನೂ ಒಬ್ಬ ಇದ್ದ. ನಾನು ಅವನ ಕಡೆ. ಕತ್ತರಿ ನಂದು, ಪಾಪಾನೂ ನಂದು. ಕೈ ಬಿಡು." ಅಂಗಿಯನ್ನು ಎತ್ತಿ ಹಿಡಿದು ದರ್ಜಿ ಹುಬ್ಬೇರಿಸಿದ. "ಗುರುಗಳ ಅಳತೆ ನನಗೆ ಬಾಯಿಪಾಠ. ಇದು ಅವರಿಗೆ ಎಷ್ಟೊಂದು ಉದ್ದ ನೋಡು! ಎಡವದೆ ಹೇಗೆ ನಡೀತಿದ್ರೋ ಪಾಪ."

ಒಂದೂವರೆ ಗೇಣು ಬಟ್ಟೆ ಕಲೆಯ ಸಮೇತ ನೆಲಕ್ಕೆ ಬಿತ್ತು. ಹೊಸ ಅಂಚು ಎಷ್ಟು ನಾಜೂಕಾಗಿತ್ತೆಂದರೆ ಅಕ್ಕನಿಗೂ ಆಡಿಕೊಳ್ಳಲು ಏನೂ ಸಿಗಲಿಲ್ಲ.

ಸಂಜೆ ಇಸ್ತ್ರಿಯವನು ಅಂಗಿಯನ್ನು ಎರಡೂ ಕೈಯಲ್ಲಿ ಹೊತ್ತು ಹೊರಟ. ಪಕ್ಕದಲ್ಲಿ ದರ್ಜಿ, ಹಿಂದೆ ಅಕ್ಕ, ಕಟಿಂಗ್ ಶಾಪಿನವನು, ಅರ್ಧ ಗಡ್ಡದ ಗಿರಾಕಿ. ಮಂದಿರದ ಮೆಟ್ಟಿಲನ್ನು ಅಜ್ಜಿಯೊಬ್ಬಳು ಒರೆಸುತ್ತಿದ್ದಳು. ಕೊಳೆನೀರಿನ ಬಕೆಟ್ಟಿನ ಪಕ್ಕದಲ್ಲೇ ಗುರುಗಳು ನಿಂತಿದ್ದರು.

ಮುಚ್ಚಿಡಲು ಇಸ್ತ್ರಿಯವನಿಗೆ ಮನಸ್ಸು ಬರಲಿಲ್ಲ. "ಗುರುಗಳೇ, ತಮ್ಮ ಅಂಗಿ ಸುಟ್ಟಿದ್ದು ನಾನು."

"ಕತ್ತರಿಸಿದ್ದು ನಾನು. ಅವನದೇನೂ ತಪ್ಪಿಲ್ಲ," ಎಂದು ದರ್ಜಿ ಮುಂದೆ ಬಂದ.

ಗುರುಗಳು ಅಂಗಿಯನ್ನು ನೋಡಿದರು. ಮುಖ ಸುಣ್ಣದಂತಾಯಿತು. "ಇದು ನನ್ನದಲ್ಲಪ್ಪ. ನನ್ನದು ನನ್ನ ಮೈಮೇಲೇ ಇದೆಯಲ್ಲ. ಇದು ನನ್ನ ಗುರುಗಳದ್ದು. ಇವತ್ತು ಪ್ರವಚನಕ್ಕೆ ಬರ್ತಿದ್ದಾರೆ, ಅಂಗಿ ಮೊದಲೇ ಕಳಿಸಿದ್ರು."

"ಅವರು... ಸ್ವಲ್ಪ ಎತ್ತರಾನಾ?" ದರ್ಜಿ ಹೊಸ ಅಂಚನ್ನು ಮೆಲ್ಲಗೆ ಮಡಿಕೆಯೊಳಗೆ ತಳ್ಳಿದ.

"ಈ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾರೆ."

ಆಗ ಗುರುಗಳು ಬಂದು ಇಬ್ಬರ ನಡುವೆ ನಿಂತರು. "ಸುಟ್ಟವನು ನೀನು, ಕತ್ತರಿಸಿದವನು ಇವನು. ಯಾರ ಅಂಗಿ ಅಂತ ಹೇಳಿ ಕಳಿಸದೇ ಇದ್ದವನು ನಾನು. ಮೂವರೂ ಒಟ್ಟಿಗೆ ನಿಲ್ಲೋಣ. ಹೆದರಬೇಡಿ, ನಾನಿದ್ದೀನಿ." ಹಾಗೆಂದ ಅವರೂ ರಸ್ತೆಯ ಕಡೆಗೊಮ್ಮೆ ಕಳವಳದಿಂದ ನೋಡಿದರು. ಇಷ್ಟು ದೊಡ್ಡವರು ತನ್ನ ಪಕ್ಕ ಅಪರಾಧಿಯಂತೆ ನಿಂತದ್ದನ್ನು ನೋಡಿ ಇಸ್ತ್ರಿಯವನ ಕಣ್ಣು ತುಂಬಿ ಬಂತು. ಇನ್ನು ಏನಾದರೂ ಆಗಲಿ ಅನ್ನಿಸಿತು.

ಕಾರು ಬಂದು ನಿಂತಿತು. ಬಾಗಿಲು ತೆರೆದು ಹಿರಿಯ ಗುರುಗಳು ಇಳಿದರು, ಇಳಿಯುತ್ತಲೇ ಇದ್ದರು. ಬೆಳ್ಳನೆಯ ಗಡ್ಡ, ಎಲ್ಲರನ್ನೂ ಒಮ್ಮೆಗೇ ಹರಸುವಂಥ ಕಣ್ಣು. ಇಸ್ತ್ರಿಯವನ ಮೈಯೆಲ್ಲ ಜುಮ್ಮೆಂದಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು, ಎರಡೂ ಕೈ ತಾವಾಗಿ ಜೋಡಿಕೊಂಡವು.

ಬುಳುಕ್ ಎಂದು ಸದ್ದಾಯಿತು. ಕಣ್ಣು ತೆರೆದರೆ ನಿಲುವಂಗಿ ಬಕೆಟ್ಟಿನೊಳಗೆ ಮುಳುಗುತ್ತಿತ್ತು.

"ಬೀಳಿಸಿದ್ದು ನಾನು!" ಎಂದು ದರ್ಜಿಯೂ ಗುರುಗಳೂ ಒಂದೇ ಬಾಯಲ್ಲಿ ಕೂಗಿದರು.