ಬಿರಿಯಾನಿಯ ಕೋಣೆಗೆ ಹೋದ ಜ್ಯೂರಿ ಇನ್ನೂ ಎದ್ದಿಲ್ಲದ ಬಗ್ಗೆ

ಇಂದ,
ವಸಂತಿ, ಗಂಡ ದಿವಂಗತ ಐತಪ್ಪ,
ಕೇರಾಫ್ ಅಳಿಯ ಯಜ್ಞೇಶ್,
ಮಹಮೂದ್ ಬ್ಯಾರಿಯವರ ಗ್ರೋಸರಿಯ ಮೇಲಿನ ಫ್ಲ್ಯಾಟ್,
ಓಲ್ಡ್ ಏರ್‌ಪೋರ್ಟ್, ದೋಹಾ.

ಗೆ,
ಮಾನ್ಯ ಅಧ್ಯಕ್ಷರಾದ ಶ್ರೀ ಆನ್ಸೆಲ್ಮ್ ಅವರು,
ಪಡುತೀರ ಕನ್ನಡ ಬಳಗ, ದೋಹಾ.

ವಿಷಯ: ಬಳಗದ ನಾಟಕದಲ್ಲಿ ನಡೆದ ಕೊಲೆಯ ತೀರ್ಪು ಬಾರದ ಕಾರಣ ನನ್ನ ಮೊಮ್ಮಗಳ ನಿಜವಾದ ಮದುವೆ ನಿಂತುಹೋಗಿರುವ ಬಗ್ಗೆ.

ಉಲ್ಲೇಖ: ೧) ಆ ಶುಕ್ರವಾರ ತಾವು ಮೈಕಿನಲ್ಲಿ ಹೇಳಿದ "ಇನ್ನು ಐದೇ ನಿಮಿಷ". ಅದು ಇನ್ನೂ ನಡೆಯುತ್ತಿದೆ.
೨) ಈ ಬಗ್ಗೆ ಫೋನು ಮಾಡಿದ್ದಕ್ಕೆ ಉತ್ತರವಾಗಿ ತಾವು ಕಳುಹಿಸಿದ ಕೈಮುಗಿಯುವ ಚಿತ್ರ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಹೋದವಳು. ಆದರೆ ವಿಧವಾ ವೇತನಕ್ಕೆ ಅರ್ಜಿ ಹಾಕಿ ಹಾಕಿ ತಾಲೂಕು ಕಚೇರಿಯ ಹೊಸ್ತಿಲನ್ನು ದೋಸೆಯಷ್ಟು ತೆಳ್ಳಗೆ ಮಾಡಿದವಳು. ಆದ್ದರಿಂದ ಈ ಅರ್ಜಿಯನ್ನು ತಾವು ಓದದೆ ಮಡಚಿಟ್ಟರೆ ಅದು ನನಗೆ ಗೊತ್ತಾಗುತ್ತದೆ.

೧. ಮೊದಲಿಗೆ ಕೊಲೆಯ ವಿವರ. ನಾಟಕದಲ್ಲಿ ಒಂದು ಹೋಟೆಲಿನ ಧಣಿ ಚಹಾ ಕುಡಿದು, ಮೇಜಿನ ಮೇಲೆ ತಲೆಯಿಟ್ಟು ಸಾಯುತ್ತಾನೆ. ಧಣಿಯಾಗಿ ಸ್ಯಾಮ್ಯುಯೆಲ್. ಚಹಾ ತಂದುಕೊಟ್ಟ ಮಾಣಿಯಾಗಿ ಅಲ್ ಖೋರ್‌ನ ಅಕ್ಷಯ್. ಮಾಣಿ ವಿಷ ಹಾಕಿದನೋ ಇಲ್ಲವೋ ಎಂಬುದೇ ಕಥೆ. ಅವನ ಮೇಲಿದ್ದ ಸಾಕ್ಷಿ ಒಂದೇ: ಧಣಿ ಸತ್ತ ಕೂಡಲೇ ಲೋಟ ತೊಳೆದಿಟ್ಟಿದ್ದ. ಕಡೆಯ ದೃಶ್ಯ ಬರೆಯಲು ಬಾರದ ಕಾರಣ, ಅಮೆರಿಕದ ಕೋರ್ಟಿನ ಹಾಗೆ ಜನರೇ ತೀರ್ಪು ಹೇಳಲಿ ಎಂದು ತಾವು ಹನ್ನೆರಡು ಮಂದಿಯ ಜ್ಯೂರಿ ಮಾಡಿದಿರಿ. ಇದೇ ಅಕ್ಷಯ್‌ನನ್ನು ನನ್ನ ಮೊಮ್ಮಗಳು ಗ್ರೀಷ್ಮಾಳಿಗೆ ನೋಡಿದ್ದೆವು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಜಾತಕಗಳಂತೂ ಒಂದನ್ನೊಂದು ಅಪ್ಪಿಕೊಂಡು ಬಿಡಿಸಲು ಬಾರದ ಹಾಗೆ ಕೂಡಿದ್ದವು. ದಿನ ಗೊತ್ತು ಮಾಡುವುದೊಂದೇ ಬಾಕಿ.

೨. ಊರಿನಲ್ಲೂ ಇಲ್ಲದ, ಈ ದೇಶದಲ್ಲೂ ಇಲ್ಲದ ಈ ಜ್ಯೂರಿ ಎಂಬ ಸಾಮಾನನ್ನು ತಾವು ಆರಿಸಿದ್ದು ಲಕ್ಕಿ ಡ್ರಾ ಕೂಪನ್ನಿನಿಂದ. ನಂಬರು ಕರೆದದ್ದೇ ಟ್ರೀಸಾ ಬಾಯಿ ಸ್ಟೇಜಿಗೆ ಓಡಿದ ರಭಸಕ್ಕೆ ಮುಂದಿನ ಸಾಲಿನ ಗಂಡಸರ ತಲೆಯ ಅಳಿದುಳಿದ ಕೂದಲೂ ಹಾರಿತು.

"ಮಂಗಳೂರಿನ ಟಿಕೆಟ್ಟಾ, ಚಿನ್ನದ ಕಾಯಿನ್ನಾ?"

"ಅಲ್ಲ ಬಾಯಿ, ನೀವು ಜ್ಯೂರಿ."

"ಅದು ಎಷ್ಟು ಗ್ರಾಂ ಉಂಟು?"

ಜ್ಯೂರಿಗೆ ಪ್ರೈಸ್ ಇಲ್ಲ ಎಂದು ಗೊತ್ತಾದ ಮೇಲೆ ಟ್ರೀಸಾ ಬಾಯಿಯ ಮುಖದಲ್ಲಿ ನ್ಯಾಯದ ಕಳೆ ಇರಲಿಲ್ಲ ಎಂಬುದನ್ನು ತಾವು ಗಮನಿಸಬೇಕಿತ್ತು. ಉಳಿದ ಹನ್ನೊಂದು ಮಂದಿಯೂ ಅದೇ ಮುಖದವರು. ಅವರಲ್ಲೇ ಒಬ್ಬರಾದ, ನಮ್ಮ ಕೆಳಗಿನ ಅಂಗಡಿಯ ಮಹಮೂದ್ ಬ್ಯಾರಿಯವರನ್ನು ಹಿರಿಯರೆಂದು ನೇಮಿಸಿದಿರಿ.

೩. ಜ್ಯೂರಿಯನ್ನು ಯಾರೂ ಮಾತಾಡಿಸಬಾರದು ಎಂದು ತಾವು ಅವರನ್ನು ಒಳಗಿಟ್ಟು ಬಾಗಿಲು ಹಾಕಿದ ಕೋಣೆ ಯಾವುದು? ಆ ಇಡೀ ಹಾಲ್‌ನಲ್ಲಿ ಚಿಲಕ ಇರುವ ಕೋಣೆ ಅದೊಂದೇ. ಬಿರಿಯಾನಿಯ ಪಾತ್ರೆಗಳನ್ನು ಇಟ್ಟದ್ದೂ ಅಲ್ಲೇ. ಹೊರಗೆ ನಾವು, ಮಕ್ಕಳುಮರಿ, ಬಿಸಿಲಿನಲ್ಲಿ ದೂರದ ಅಲ್ ರಯ್ಯಾನಿನಿಂದ ಬಂದವರು, ಬೆಳಿಗ್ಗೆ ತಿಂಡಿಯನ್ನೂ ಊಟದ ಆಸೆಗೆ ಬಿಟ್ಟು ಬಂದವರು. ನನ್ನ ಹೊಟ್ಟೆಯ ಗುಡುಗಿಗೆ ಪಕ್ಕದ ಸಾಲಿನ ಮಗು ನಿದ್ದೆಯಿಂದ ಎದ್ದು ಅತ್ತಿತು.

ಮಾನ್ಯರೇ, ಸಾರ್ವಜನಿಕರ ಅಭಿಪ್ರಾಯ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಆ ದಿನ ಕಣ್ಣಾರೆ ಕಂಡೆ. ಬಾಗಿಲು ಹಾಕಿದಾಗ ನನ್ನ ಹಿಂದಿನ ಸಾಲಿನವರು, "ಪಾಪ ಮಾಣಿ, ಅವನಿಗೆ ಎಂತ ಗೊತ್ತು, ಬಿಟ್ಟುಬಿಡಿ" ಅನ್ನುತ್ತಿದ್ದರು. ಬಿರಿಯಾನಿಯ ಪರಿಮಳ ಬಂದಾಗ, "ಲೋಟ ತೊಳ್ದದ್ದು ಯಾಕೆ ಹಾಗಾದ್ರೆ?" ಎಂದರು. ತಾವು ಎರಡನೇ ಸಲ ಐದು ನಿಮಿಷ ಕೇಳಿದಾಗ, "ಅವನೇ ಮಾಡಿದ್ದು ಅಂತ ಹೇಳಿ ಮುಗಿಸಿ ಮಾರಾಯ್ರೆ!" ಎಂದರು. ಮೂರನೇ ಸಲಕ್ಕೆ ಒಬ್ಬರು ಕುರ್ಚಿಯ ಮೇಲೆ ನಿಂತು, "ಅವನನ್ನು ಗಲ್ಲಿಗೆ ಹಾಕಿ, ಆದ್ರೆ ರಾಯ್ತ ಹೊರಗೆ ತನ್ನಿ!" ಎಂದು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೇಜಿನ ಮೇಲೆ ಕೈಕಟ್ಟಿ ನಿಂತಿದ್ದ ಅಕ್ಷಯ್‌ಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ನಕ್ಕ. "ನೋಡಿ, ನಗುದು ನೋಡಿ" ಎಂದರು.

೪. ಅಷ್ಟರಲ್ಲಿ ಸಂಜೆಗೆ ಹಾಲ್ ಬುಕ್ ಮಾಡಿದ್ದ ಮಲಯಾಳಿಗಳು ಚೆಂಡೆ ಸಮೇತ ಒಳಗೆ ಬಂದರು. ವಾಚ್‌ಮನ್ "ಯಲ್ಲಾ ಯಲ್ಲಾ, ಟೈಮ್ ಖಲಾಸ್" ಎಂದು ಎಲ್ಲರನ್ನೂ ಹೊರಡಿಸುತ್ತಾ ಲೈಟ್ ಆರಿಸತೊಡಗಿದ. ಜ್ಯೂರಿ ಹಿಂಬಾಗಿಲಿನಿಂದ ಕೈ ಒರೆಸುತ್ತಾ ಹೊರಟಿತು. ನಮಗೆ ಪಾರ್ಕಿಂಗಿನಲ್ಲಿ ಪೊಟ್ಟಣ ಕೊಟ್ಟಿರಿ. ನನ್ನ ಪೊಟ್ಟಣದಲ್ಲಿ ಕೋಳಿ ಇರಲಿಲ್ಲ, ಕೋಳಿ ನಡೆದುಹೋದ ಗುರುತು ಮಾತ್ರ ಇತ್ತು. ತೀರ್ಪು ಯಾರ ಪೊಟ್ಟಣದಲ್ಲೂ ಇರಲಿಲ್ಲ.

೫. ತೀರ್ಪು ಇಲ್ಲದ ಕಾರಣ ಜನ ತೀರ್ಪನ್ನು ಮನೆಗೆ ತೆಗೆದುಕೊಂಡು ಹೋದರು. ಅಂದಿನಿಂದ ದೋಹಾದ ಕನ್ನಡಿಗರಲ್ಲಿ ಎರಡು ಪಕ್ಷ. ಲೋಟ ತೊಳೆದದ್ದು ಸರಿ ಎನ್ನುವವರು, ತಪ್ಪು ಎನ್ನುವವರು. ತಾವು ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಓಟಿಗೆ ಹಾಕಿದಿರಿ. ಇರುವ ಸದಸ್ಯರಿಗಿಂತ ಹೆಚ್ಚು ಓಟು ಬಿತ್ತು. ಹೋಗಲಿ, ಸತ್ತವನನ್ನೇ ಕೇಳುವ ಎಂದು ನಾನು ಸ್ಯಾಮ್ಯುಯೆಲ್‌ಗೆ ಫೋನು ಮಾಡಿದೆ.

"ಸ್ಯಾಮ್ಯುಯೆಲ್, ನೀನು ಬದುಕಿದ್ದಿ ಅಂತ ಒಮ್ಮೆ ಗ್ರೂಪಿನಲ್ಲಿ ಹಾಕು ಮಗಾ."

"ಅದು ಹಾಕುವ ಅಕ್ಕ. ಆದ್ರೆ ನಾನು ಆಗ ಕಣ್ಣು ಮುಚ್ಚಿ ಬಿದ್ದಿದ್ದೆ. ಹಿಂದೆ ಅವ ಎಂತ ಮಾಡಿದ ಅಂತ ನಾನು ಹೇಗೆ ಹೇಳುದು? ಚಹಾಕ್ಕೆ ಒಂದು ನಮೂನೆ ರುಚಿ ಇದ್ದದ್ದು ಹೌದು."

ಹೆಣವೇ ತಪ್ಪು ಎನ್ನುವವರ ಪಕ್ಷಕ್ಕೆ ಸೇರಿದ ಮೇಲೆ ಮಾಡುವುದೇನು?

೬. ಇನ್ನು ನಮ್ಮ ಮನೆಯ ವಿಚಾರ. ಮರುವಾರ ಅಕ್ಷಯ್ ಮನೆಗೆ ಬಂದ. ಚಹಾ ಕುಡಿದ. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನ ಕೆಲಸಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುವ, ರೂಮಿನಲ್ಲಿ ತಾನೇ ಬೇಯಿಸಿ ತಿನ್ನುವ ಹುಡುಗ. ಎದ್ದು ತನ್ನ ಲೋಟ ತಾನೇ ತೊಳೆದಿಟ್ಟ. ಅವನು ಲಿಫ್ಟ್ ಇಳಿಯುವುದಕ್ಕೆ ಮೊದಲೇ ನನ್ನ ಅಳಿಯ ಬಾಗಿಲು ಹಾಕಿ ಬಂದರು.

"ನೋಡಿದ್ರಾ ಅತ್ತೆ?"

"ಎಂತ?"

"ಲೋಟ ತೊಳ್ದ."

"ತೊಳೀದೆ ಮತ್ತೆ, ಜೇಬಿನಲ್ಲಿ ಹಾಕಿಕೊಂಡು ಹೋಗುದಾ?"

"ಅದಲ್ಲ. ಅಲ್ಲಿಯೂ ಹೀಗೇ ತೊಳ್ದದ್ದು."

"ಅಲ್ಲಿ ಬರ್ದುಕೊಟ್ಟಿದ್ರು, ತೊಳ್ದ. ಇಲ್ಲಿ ಅವನಮ್ಮ ಕಲಿಸಿದ್ದಾರೆ, ತೊಳ್ದ. ನೀವು ಮದುವೆಯಾದ ಮೇಲೆ ಒಂದು ಚಮಚ ತೊಳ್ದದ್ದುಂಟಾ? ಹಾಗಾದ್ರೆ ಈ ಕತಾರಿನಲ್ಲಿ ನಿಮ್ಮಷ್ಟು ನಿರಪರಾಧಿ ಯಾರೂ ಇಲ್ಲ."

ಒಳಗೆ ನನ್ನ ಮಗಳು ನಕ್ಕ ಸದ್ದು ಬಂತು. ಅಳಿಯ ನಗಲಿಲ್ಲ.

"ಅವ ಕೊಂದ ಅಂತ ನಾನು ಹೇಳುದಿಲ್ಲ ಅತ್ತೆ. ನಾಟಕ ಅಂತ ನನಗೆ ಗೊತ್ತುಂಟು. ಆದ್ರೆ ಹೋದಲ್ಲಿ ಬಂದಲ್ಲಿ ಜನ ಕೇಳ್ತಾರೆ, 'ಆ ಚಹಾದವನಿಗಾ ಮಗಳನ್ನು ಕೊಡುದು' ಅಂತ. ತೀರ್ಪು ಬರ್ಲಿ, ಮತ್ತೆ ನೋಡುವ."

ನನ್ನ ಅಳಿಯ ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುವವರು. ಕಾಗದದಲ್ಲಿ ಸೀಲು ಇಲ್ಲದಿದ್ದರೆ ತಾನು ಹುಟ್ಟಿದ್ದನ್ನೂ ನಂಬುವುದಿಲ್ಲ. ಕಾರಣ, ಮಾತು ಅಲ್ಲಿಗೇ ನಿಂತಿದೆ.

ಗ್ರೀಷ್ಮಾ ಮೊದಲ ವಾರ ನಗುತ್ತಿದ್ದಳು. "ಅಜ್ಜಿ, ಇಟ್ಸ್ ಜಸ್ಟ್ ಡ್ರಾಮಾ. ಪಪ್ಪನಿಗೆ ಯಾರಾದ್ರೂ ಹೇಳಿ" ಎಂದಳು. ಈಗ ನಗುವುದಿಲ್ಲ. ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಊಟ ಮಾಡುತ್ತಾಳೆ. ಅಕ್ಷಯ್‌ನ ತಾಯಿ ವಿಸಿಟ್ ವೀಸಾದಲ್ಲಿ ಅಲ್ ಖೋರ್‌ಗೆ ಬಂದಿದ್ದಾರೆ. ಮಗನ ಮದುವೆಯ ಮಾತು ಮುಗಿಸಿ ಹೋಗಲು ಬಂದವರು. ತಿಂಗಳ ಕೊನೆಗೆ ವೀಸಾ ಮುಗಿಯುತ್ತದೆ. ಹುಡುಗಿಯ ಮನೆಯವರು ಯಾಕೆ ಮಾತಾಡುವುದಿಲ್ಲ ಎಂದು ದಿನಾ ಕೇಳುತ್ತಾರಂತೆ. ನಾಟಕದಲ್ಲಿ ಚಹಾ ಕೊಟ್ಟದ್ದಕ್ಕೆ ಮದುವೆ ನಿಂತಿದೆ ಎಂದು ಹೆತ್ತ ತಾಯಿಗೆ ಹೇಳಲು ಆ ಹುಡುಗನಿಗೆ ಬಾಯಿ ಬರುವುದಿಲ್ಲ. ಊರಿಗೆ ಹೋದರೆ ಅವರು ಬೇರೆ ಹುಡುಗಿ ನೋಡುತ್ತಾರೆ. ನೋಡದೆ ಇರಲು ಅವರಿಗೇನು, ಅವರ ಮಗನಿಗೆ ಹುಡುಗಿಯರ ಬರಗಾಲವೇ?

೭. ಆದ್ದರಿಂದ ನಾನೇ ತನಿಖೆ ಕೈಗೊಂಡೆ. ಮಹಮೂದ್ ಬ್ಯಾರಿಯವರ ಹೆಂಡತಿ ಸುಬೈದಾ ನನ್ನ ಗೆಳತಿ. ಒಂದು ಮಧ್ಯಾಹ್ನ ಅವಳು ಮೇಲೆ ಬಂದು ಕೂತಳು.

"ವಸಂತಕ್ಕ, ಒಳಗೆ ಎಂತ ಚರ್ಚೆ ಆಯ್ತು ಅಂತ ನಾನು ಇವರ ಹತ್ರ ಕೇಳಿದೆ. ಕೊಲೆಯ ಸುದ್ದಿಯೇ ಬರ್ಲಿಲ್ಲ ಅಂತೆ!"

"ಮತ್ತೆ ಅಷ್ಟು ಹೊತ್ತು?"

"ಬಿರಿಯಾನಿ ಎಲ್ಲರಿಗೂ ಸಾಕಾಗ್ತದಾ ಇಲ್ವಾ ಅಂತ. ಸಾಕಾಗುದಿಲ್ಲ, ಹಾಗಾಗಿ ನಾವು ಮೊದಲೇ ತಿನ್ನುವ ಅಂತ ಒಂದು ಪಾರ್ಟಿ. ಸಾಕಾಗ್ತದೆ, ಹಾಗಾಗಿ ನಾವು ತಿಂದ್ರೆ ತೊಂದ್ರೆ ಇಲ್ಲ ಅಂತ ಇನ್ನೊಂದು ಪಾರ್ಟಿ."

"ಹುಡುಗನ ಹೆಸರು ಒಬ್ಬರೂ ಎತ್ತಲಿಲ್ವಾ?"

"ಟ್ರೀಸಾ ಬಾಯಿ ಎತ್ತಿದ್ರಂತೆ. ಅಷ್ಟು ಚಂದ ಆಕ್ಟಿಂಗ್ ಮಾಡಿದ್ದಾನೆ, ಎಂತಾದರೂ ಕೊಡಬೇಕು, ಕೊಲೆಯನ್ನು ಅವನಿಗೇ ಕೊಡುವ ಅಂತ."

ನಾನು ಕೂಡಲೇ ಅಂಗಡಿಗೆ ಇಳಿದು, ಬೆಂಡೆಕಾಯಿ ಆರಿಸುವ ನೆಪದಲ್ಲಿ ಮಹಮೂದ್ ಬ್ಯಾರಿಯವರನ್ನು ವಿಚಾರಣೆ ಮಾಡಿದೆ. "ಆಗ ಹೇಳಲಿಕ್ಕೆ ಆಗಲಿಲ್ಲ, ಈಗ ಒಂದು ಮಾತು ಹೇಳಿಬಿಡಿ ಬ್ಯಾರಿ. ಹುಡುಗ ಮಾಡಿಲ್ಲ ಅಂತ."

"ಹೇಗೆ ಹೇಳುದು ಅಕ್ಕ? ಹಾಗೆ ಹೇಳಿದ್ರೆ ನನ್ನ ಅರ್ಧ ಗಿರಾಕಿ ಹೋಗ್ತಾರೆ. ಹೀಗೆ ಹೇಳಿದ್ರೆ ಉಳಿದ ಅರ್ಧ. ನಡುವಿನಲ್ಲಿ ಇದ್ರೆ ಎರಡೂ ಕಡೆಯವರು ಬಂದು, ಇಲ್ಲೇ ನಿಂತು ಜಗಳ ಮಾಡಿ, ಬಾಯಾರಿ ಲಬಾನ್ ಮಜ್ಜಿಗೆ ಕುಡಿದು ಹೋಗ್ತಾರೆ."

ಈ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಬೆಂಡೆಕಾಯಿ ಮಾತ್ರ ಬಲಿತಿತ್ತು.

೮. ಈ ಸಂಗತಿ ಅರ್ಜಿಗೆ ಸಂಬಂಧಪಟ್ಟದ್ದಲ್ಲ, ಆದರೂ ದಾಖಲೆಗೆ ಇರಲಿ. ನನ್ನ ಗಂಡ ಐತಪ್ಪನವರು ಒಂದು ಬೆಳಿಗ್ಗೆ ನಾನು ಬಡಿಸಿದ ಗಂಜಿ ಉಂಡು ಕೆಲಸಕ್ಕೆ ಹೊರಟವರು, ದಾರಿಯಲ್ಲಿ ಎದೆ ಹಿಡಿದು ಬಿದ್ದರು. ಮಗಳು ಆಗ ತೊಟ್ಟಿಲಿನಲ್ಲಿದ್ದಳು. ಉತ್ತರಕ್ರಿಯೆಗೆ ಬಂದವರು ಅಂಗಳದಲ್ಲಿ ಕೂತು ವಿಚಾರ ಮಾಡಿದರು. ಗಂಜಿಯಲ್ಲಿ ಎಂತ ಇತ್ತೋ ಎಂದು ಒಬ್ಬರು, ಇವಳು ಮನೆಗೆ ಕಾಲಿಟ್ಟ ಗಳಿಗೆಯೇ ಹಾಗೆ ಎಂದು ಇನ್ನೊಬ್ಬರು. ಅದೇ ಪಾತ್ರೆಯ ಗಂಜಿಯನ್ನು ನಾನೂ ಉಂಡಿದ್ದೆ. ಅದನ್ನು ಯಾರೂ ಕೇಳಲಿಲ್ಲ. ನನ್ನ ಎದುರು ಹೌದು ಎಂದವರಿಲ್ಲ, ಅಲ್ಲ ಎಂದವರೂ ಇಲ್ಲ. ಊಟ ಮಾಡಿ ಎದ್ದು ಹೋದ ಹಾಗೆ ಕಂಡರು, ಆದರೆ ಎದ್ದಿರಲಿಲ್ಲ. ನನ್ನ ಸ್ವಂತ ಮಗಳ ಧಾರೆಯನ್ನು ನಾನು ಅಡುಗೆಕೋಣೆಯ ಬಾಗಿಲಿನ ಸಂದಿನಿಂದ ನೋಡಿದೆ. ಆ ಜ್ಯೂರಿಗೆ ಕೂಪನ್ ಕೂಡ ಇರಲಿಲ್ಲ.

೯. ಮೇಲ್ಕಂಡ ಎಲ್ಲಾ ಕಾರಣಗಳಿಂದ, ಮತ್ತು ಕಾರಣಗಳು ಸಾಲದಿದ್ದರೆ ಇನ್ನಷ್ಟು ಹುಟ್ಟಿಸಿಕೊಡಲು ಸಿದ್ಧಳಾಗಿರುವುದರಿಂದ, ನನ್ನ ಕೋರಿಕೆ ಹೀಗಿದೆ. ಅಕ್ಷಯ್ ನಿರಪರಾಧಿ ಎಂದು ತಾವು ಹೇಳಬೇಕಾಗಿಲ್ಲ. ಹಾಗೆ ಹೇಳಿದರೆ, ಯಾರು ಹೇಳಿಸಿದರು ಎಂದು ನೋಡಲು ಹೊಸ ಜ್ಯೂರಿ ಕೂರುತ್ತದೆ. "ಜ್ಯೂರಿ ಬರ್ಖಾಸ್ತಾಗಿದೆ, ಎಲ್ಲರೂ ಎದ್ದು ಮನೆಗೆ ಹೋಗಬಹುದು" ಎಂದು ಬಳಗದ ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಸಾಕು. ಕೆಳಗೆ ದುಂಡು ಸೀಲು ಇರಬೇಕು. ಅಳಿಯ ಮೊದಲು ನೋಡುವುದು ಅದನ್ನೇ. ಇಷ್ಟು ವರ್ಷ ನನಗೂ ಬೇಕಾಗಿದ್ದದ್ದು ಅಷ್ಟೇ. ನಾನು ಒಳ್ಳೆಯವಳು ಎಂದು ಯಾರೂ ಹೇಳುವುದು ಬೇಡವಿತ್ತು, ಎದ್ದು ಹೋದರೆ ಸಾಕಿತ್ತು.

ಸೀಲು ಹಾಕಿದ ಆ ಕಾಗದ ಬರುವ ಶುಕ್ರವಾರದೊಳಗೆ ನನ್ನ ಕೈಸೇರದಿದ್ದಲ್ಲಿ, ಶನಿವಾರ ನಾನೇ ಗ್ರೀಷ್ಮಾಳನ್ನು ಕರೆದುಕೊಂಡು ಅಲ್ ಖೋರ್‌ಗೆ ಹೋಗಿ, ಅಕ್ಷಯ್‌ನ ತಾಯಿಯ ಎದುರು ವೀಳ್ಯದೆಲೆ ಇಟ್ಟು, ಹುಡುಗಿಯ ಕಡೆಯಿಂದ ಮಾತು ಕೊಟ್ಟು ಬರುತ್ತೇನೆ. ಗಂಡನಿಲ್ಲದವಳು ಎಲೆ ಇಡಬಹುದೇ ಎಂಬ ಬಗ್ಗೆ ಸಾರ್ವಜನಿಕರು ತಮಗೆ ಬೇಕಾದಷ್ಟು ದಿನ ಚರ್ಚಿಸಿಕೊಳ್ಳಬಹುದು. ನನ್ನ ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ, ಶುಕ್ರವಾರದವರೆಗೆ ಮಾತ್ರ,
ವಸಂತಿ

ಲಗತ್ತುಗಳು:
೧) ಪ್ರೈಸ್ ಬಾರದ ಲಕ್ಕಿ ಡ್ರಾ ಕೂಪನ್.
೨) ದಿವಂಗತ ಸ್ಯಾಮ್ಯುಯೆಲ್ ಪಾರ್ಕಿಂಗಿನಲ್ಲಿ ಕೋಳಿಯ ಕಾಲು ಕಚ್ಚುತ್ತಿರುವ ಫೋಟೋ.
೩) ಇಬ್ಬರ ಜಾತಕದ ಜೆರಾಕ್ಸ್.

ವಿಶೇಷ ಸೂಚನೆ: ನನಗೆ ಕಾರು ಬಿಡಲು ಬರುವುದಿಲ್ಲ. ಶನಿವಾರ ತಮಗೆ ರಜೆ ಎಂದು ತಮ್ಮ ಮನೆಯವರಿಂದ ತಿಳಿದುಬಂದಿದೆ. ಆದ್ದರಿಂದ ಬೆಳಿಗ್ಗೆ ಕೆಳಗೆ ಬಂದು ಒಂದು ಹಾರ್ನ್ ಹಾಕಬೇಕಾಗಿ ವಿನಂತಿ. ಬರುವಾಗ ಮಂಗಳೂರಿನ ವಿಮಾನದಲ್ಲಿ ಬಂದ ಮಲ್ಲಿಗೆ ಎಲ್ಲಿಯಾದರೂ ಕಂಡರೆ ಮೂರು ಚೆಂಡು ತರಬೇಕು. ಒಂದು ಗ್ರೀಷ್ಮಾಳಿಗೆ, ಒಂದು ಅವಳ ಅತ್ತೆಯಾಗುವವರಿಗೆ. ಮೂರನೆಯದನ್ನು ನಾನು ಮುಡಿಯುತ್ತೇನೆ.